ಅಂಬಾಸಿಡರ್ ಕಾರ್ಬೊರೇಟರ್: ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಹಳೆಯ ಅಂಬಾಸಿಡರ್ ಮಿಸ್ಸಿಂಗ್ ಹೊಡೆಯಿತೆಂದರೆ ಎಲ್ಲರೂ ಮೊದಲು ಕೈಹಾಕುವುದು ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ. ನಮ್ಮ ಮನೆಯ ಗಾಡಿ ಏರಿನಲ್ಲಿ ಮುಗ್ಗರಿಸುತ್ತಿದ್ದಾಗ ನಾನೂ ಎರಡು ಸಲ ಬಿಚ್ಚಿ ಜೋಡಿಸಿದೆ. ಸರಿಹೋದದ್ದು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಬದಲಿಸಿದಾಗ. ಹಾಗಾಗಿ ಪ್ಲಗ್, ಪಾಯಿಂಟ್, ಕಂಡೆನ್ಸರ್, ಪೆಟ್ರೋಲ್ ಫಿಲ್ಟರ್ ನೋಡದೆ ಸ್ಪ್ಯಾನರ್ ಹಿಡಿಯಬೇಡಿ.

ಪ್ಲಗ್ ಬಿಚ್ಚಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಬಿಸ್ಕತ್ತಿನ ಬಣ್ಣವಿದ್ದರೆ ಕಾರ್ಬೊರೇಟರನ್ನು ಅದರ ಪಾಡಿಗೆ ಬಿಡಿ.

1489 ಸಿ.ಸಿ. ಎಂಜಿನ್ನಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಯು ಕಾರ್ಬೊರೇಟರ್. ಮೇಲಿನ ಗಂಟೆಯಾಕಾರದ ಡಬ್ಬಿಯೊಳಗೆ ಒಂದು ಪಿಸ್ಟನ್, ಅದರ ತಳದಲ್ಲಿ ತುದಿಗೆ ಸಣ್ಣಗಾಗುತ್ತ ಹೋಗುವ ನೀಡಲ್. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಏರುತ್ತದೆ, ನೀಡಲ್ ತಾನು ಕೂತ ಜೆಟ್ಟಿನಿಂದ, ಎಂದರೆ ಪೆಟ್ರೋಲ್ ಬರುವ ಸಣ್ಣ ಕೊಳವೆಯಿಂದ, ಮೇಲೆ ಬಂದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಇಷ್ಟೇ ಸಂಗತಿ. ಮನೆಯಲ್ಲೇ ಬಿಚ್ಚಿ ಕಲಿಯಲು ಇದಕ್ಕಿಂತ ಸರಳವಾದ ಕಾರ್ಬೊರೇಟರ್ ನಾನು ಕಂಡಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ವೈರ್ ತೆಗೆಯಿರಿ. ಈ ಎಂಜಿನ್ನಿನಲ್ಲಿ ಕಾರ್ಬೊರೇಟರ್ ಮತ್ತು ಎಕ್ಸಾಸ್ಟ್ ಒಂದೇ ಮಗ್ಗುಲಲ್ಲಿವೆ. ಸೋರಿದ ಪೆಟ್ರೋಲ್ ನೇರವಾಗಿ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಕಾರ್ಬೊರೇಟರಿನಿಂದ ಪೆಟ್ರೋಲ್ ಓವರ್‌ಫ್ಲೋ ಆಗುವ ಗಾಡಿಯನ್ನು ‘ಆಮೇಲೆ ನೋಡೋಣ’ ಎಂದು ಓಡಿಸಲೇಬೇಡಿ.

ಡಬ್ಬಿ ತೆಗೆಯುವ ಮೊದಲು ಅದಕ್ಕೂ ಬಾಡಿಗೂ ಸೇರಿಸಿ ಒಂದು ಗೀರು ಹಾಕಿಕೊಳ್ಳಿ, ಅದೇ ದಿಕ್ಕಿಗೆ ಮತ್ತೆ ಕೂರಬೇಕು. ಡಬ್ಬಿಯೂ ಪಿಸ್ಟನ್ನೂ ಜೋಡಿಯಾಗಿ ತಯಾರಾದವು; ಬೇರೆ ಗಾಡಿಯದನ್ನು ಬೆರೆಸಬಾರದು. ಪೆಟ್ರೋಲಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ತಾಗಿಸಿದರೆ ಕೆಟ್ಟಿತು.

ಪಕ್ಕದ ಪೆಟ್ರೋಲ್ ಬಟ್ಟಲಿನ ಮುಚ್ಚಳ ತೆಗೆದು, ಒಳಗೆ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ತೂತಾಗಿದೆ, ಹೊಸದು ಹಾಕಿ. ಮುಚ್ಚಳವನ್ನು ತಲೆಕೆಳಗಾಗಿ ಹಿಡಿದಾಗ ಫ್ಲೋಟಿಗೂ ಮುಚ್ಚಳದ ಅಂಚಿಗೂ ನಡುವೆ 3 ಮಿ.ಮೀ. ಡ್ರಿಲ್ ಬಿಟ್ ತೂರುವಷ್ಟು ಜಾಗವಿರಬೇಕು. ಗ್ಯಾಸ್ಕೆಟ್, ಸೀಲುಗಳ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುತ್ತದೆ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ಕಾಲದ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ತಡೆಯುವ ರಬ್ಬರ್ ಬೇಕೆಂದು ಕೇಳಿ ತನ್ನಿ, ಪೆಟ್ರೋಲ್ ಪೈಪನ್ನೂ ಬದಲಿಸಿ.

ಜೋಡಿಸುವಾಗ ಜೆಟ್ ನಡುಮಧ್ಯಕ್ಕೆ ಕೂರಿಸುವುದೇ ನಾಜೂಕಿನ ಕೆಲಸ. ಜೆಟ್ಟಿನ ಲಾಕ್ ನಟ್ ಸಡಿಲಿಸಿ, ಪಿಸ್ಟನ್ ಕೆಳಕ್ಕೆ ಒತ್ತಿ ಹಿಡಿದು, ನಟ್ ಬಿಗಿ ಮಾಡಿ. ಪಿಸ್ಟನ್ ಎತ್ತಿ ಬಿಟ್ಟರೆ ‘ಟಕ್’ ಎಂದು ಬೀಳಬೇಕು. ಸದ್ದಿಲ್ಲದೆ ಇಳಿದರೆ ನೀಡಲ್ ಜೆಟ್ಟಿಗೆ ಉಜ್ಜುತ್ತಿದೆ, ಮತ್ತೆ ಸಡಿಲಿಸಿ. ಆ ಸದ್ದು ಬರುವವರೆಗೆ ನಾನು ಐದಾರು ಸಲ ಮಾಡಿದ್ದುಂಟು. ಕೊನೆಗೆ ಪಿಸ್ಟನ್ನಿನ ಮೇಲಿನ ಟೊಳ್ಳು ಕಡ್ಡಿಯೊಳಗೆ 20 ನಂಬರಿನ ಎಂಜಿನ್ ಆಯಿಲ್ ಹಾಕಿ. ಇದು ಒಣಗಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ತಡವರಿಸುತ್ತದೆ, ಎಷ್ಟೋ ಜನ ಅದನ್ನೇ ದೊಡ್ಡ ರಿಪೇರಿ ಎಂದು ತಿಳಿಯುತ್ತಾರೆ.

ಟ್ಯೂನಿಂಗಿಗೆ ಜೆಟ್ಟಿನ ಕೆಳಗಿನ ನಟ್ಟನ್ನು ಪೂರ್ತಿ ಮೇಲಕ್ಕೇರಿಸಿ, ಎರಡು ಸುತ್ತು ಇಳಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಒಳಗಿರಿಸಿ, ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ತುಸು ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ ಮೇಲಕ್ಕೆ. ಎಂಜಿನ್ ಆರುವಂತಾದರೆ ಕಡಿಮೆ, ನಟ್ ಕೆಳಕ್ಕೆ. ಒಂದು ಕ್ಷಣ ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ನಟ್ಟನ್ನು ಒಂದು ಸಲಕ್ಕೆ ಅದರ ಆರು ಮೂಲೆಗಳಲ್ಲಿ ಒಂದೇ ಮೂಲೆಯಷ್ಟು ತಿರುಗಿಸಿ. ನಂತರ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಪ್ಲಗ್ ಬಿಚ್ಚಿ ಬಣ್ಣ ನೋಡಿ.