ಯುವಿ ಬೆಳಕು ಮತ್ತು ಡಿಎನ್ಎ ದುರಸ್ತಿ: ನಾನು ಅಳೆದ ಬಗೆ

ಯುವಿ, ಅಂದರೆ ನೇರಳಾತೀತ ಬೆಳಕು, ಡಿಎನ್ಎಯನ್ನು ಕೆಡಿಸುತ್ತದೆ ಎಂಬುದು ಹಳೆಯ ಮಾತು. ಕೆಟ್ಟದ್ದನ್ನು ಸರಿಪಡಿಸುವ ಪ್ರೋಟೀನುಗಳಿಗೂ ಅದೇ ಬೆಳಕು ಪೆಟ್ಟು ಕೊಡುತ್ತದೆಯೇ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಇಲ್ಲಿ ಒಂದು ತೊಡಕಿದೆ. ಹಾನಿ ಹೆಚ್ಚಾದಷ್ಟೂ ಅದು ಸರಿಹೋಗಲು ಹೊತ್ತು ಹಿಡಿಯುತ್ತದೆ. ಅದನ್ನೇ ನೋಡಿ ‘ದುರಸ್ತಿ ಕುಂಠಿತವಾಗಿದೆ’ ಎಂದು ಬರೆದುಬಿಡಬಹುದು, ಬರೆದವರೂ ಇದ್ದಾರೆ. ಹಾಗಾಗಿ ನಾನು ಒಂದೇ ಹಟ ಹಿಡಿದೆ: ಹೋಲಿಸುವ ಎರಡೂ ಕೋಶದ ತಟ್ಟೆಗಳಲ್ಲಿ ಶುರುವಿನ ಹಾನಿ ಸಮನಾಗಿರಬೇಕು, ವ್ಯತ್ಯಾಸವೇನಿದ್ದರೂ ಅದು ಅಳಿಯುವ ವೇಗದಲ್ಲಿ ಕಾಣಬೇಕು.

ಅದಕ್ಕೆ ಎರಡು ಬಗೆಯ ಬೆಳಕು ಬೇಕಾಯಿತು. 315ರಿಂದ 400 ನ್ಯಾನೋಮೀಟರಿನ ಯುವಿಎಯನ್ನು ಡಿಎನ್ಎ ಹೀರುವುದು ತೀರಾ ಕಡಿಮೆ. ಅದನ್ನು ಹೀರುವುದು ಕೋಶದೊಳಗಿನ ಫ್ಲೇವಿನ್, ಪಾರ್ಫಿರಿನ್‌ನಂಥ ಅಣುಗಳು. ಅವು ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿದಾಗ ಸಿಂಗ್ಲೆಟ್ ಆಕ್ಸಿಜನ್ ಎಂಬ ಚುರುಕು ರೂಪದ ಆಮ್ಲಜನಕ ಹುಟ್ಟುತ್ತದೆ. ಅದು ಹಿಸ್ಟಿಡಿನ್, ಟ್ರಿಪ್ಟೊಫಾನ್, ಮೆಥಿಯೊನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿರುವ ಜಾಗಗಳನ್ನು ಹುಡುಕಿ ಕಚ್ಚುತ್ತದೆ, ಅಂದರೆ ಮುಖ್ಯವಾಗಿ ಪ್ರೋಟೀನುಗಳನ್ನು. 254 ನ್ಯಾನೋಮೀಟರಿನ ಯುವಿಸಿಯನ್ನಾದರೆ ಡಿಎನ್ಎ ನೇರವಾಗಿಯೇ ಹೀರಿಕೊಳ್ಳುತ್ತದೆ. ಅಕ್ಕಪಕ್ಕದ ಪಿರಿಮಿಡಿನ್‌ಗಳು (ಡಿಎನ್ಎಯ ಟಿ, ಸಿ ಅಕ್ಷರಗಳು) ಅಂಟಿಕೊಂಡು ಡೈಮರ್, 6-4 ಫೋಟೋಪ್ರಾಡಕ್ಟ್ ಎಂಬ ಎರಡು ಬಗೆಯ ಹಾನಿಗಳಾಗುತ್ತವೆ. ಮೊದಲು ಒಂದು ತಟ್ಟೆಗೆ ಮಾತ್ರ ಯುವಿಎ ಕೊಟ್ಟು ಪ್ರೋಟೀನುಗಳನ್ನು ನೋಯಿಸುವುದು, ಆಮೇಲೆ ಎರಡೂ ತಟ್ಟೆಗಳಿಗೆ ಒಂದೇ ಅಳತೆಯ ಯುವಿಸಿ ಕೊಟ್ಟು ಡಿಎನ್ಎಗೆ ಸಮನಾದ ಹಾನಿ ಮಾಡುವುದು. ಉಪಾಯ ಇಷ್ಟೇ.

ಈ ಕ್ರಮ ತಿರುವುಮುರುವಾಗಬಾರದು. 6-4 ಫೋಟೋಪ್ರಾಡಕ್ಟ್ ತಾನೇ ಯುವಿಎ ಅಂಚಿನ ಬೆಳಕನ್ನು ಹೀರಿ ಡ್ಯೂವಾರ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. 6-4ನ್ನು ಹಿಡಿದು ಅಳೆಯಲೆಂದು ಮಾಡಿದ ಪ್ರತಿಕಾಯ ಈ ಹೊಸ ರೂಪವನ್ನು ಗುರುತಿಸುವುದಿಲ್ಲ. ಯುವಿಸಿ ಮೊದಲಾದರೆ ಹಾನಿ ರೂಪ ಬದಲಿಸಿಕೊಂಡು ಕೂತಿರುತ್ತದೆ, ನಾವು ದುರಸ್ತಿಯಾಯಿತು ಅಂದುಕೊಳ್ಳುತ್ತೇವೆ.

ಡೈಮರ್ ಬಿಟ್ಟು 6-4ನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಆರೋಗ್ಯವಂತ ಕೋಶ ಇದನ್ನು ಕೆಲವೇ ಗಂಟೆಗಳಲ್ಲಿ ಕತ್ತರಿಸಿ ತೆಗೆಯುತ್ತದೆ, ಡೈಮರ್‌ಗಳಿಗಾದರೆ ಒಂದು ದಿನವೂ ಸಾಲದು. ಅಷ್ಟು ಹೊತ್ತು ಕಾದರೆ ಕೋಶ ವಿಭಜನೆಯಾಗಿ ಹಾನಿ ಸುಮ್ಮನೆ ಹಂಚಿಹೋಗುವ ಗೊಂದಲ ಬೇರೆ. ಮೇಲಾಗಿ ಯುವಿಎ ತಾನಾಗಿಯೇ ಒಂದಿಷ್ಟು ಡೈಮರ್ ಮಾಡುತ್ತದೆ; 6-4ನ್ನು ಮಾಡುವುದಿಲ್ಲ ಎಂದೇ ಹೇಳಬಹುದು.

ಕೆಲಸ ಮಾಡಿದ್ದು ಹಾಕ್ಯಾಟ್ ಎಂಬ ಮಾನವ ಚರ್ಮಕೋಶಗಳ ಮೇಲೆ, ತಟ್ಟೆ ತುಂಬಿ ಬೆಳವಣಿಗೆ ನಿಂತ ಮೇಲೆ. ಬೆಳೆಸುವ ದ್ರಾವಣವನ್ನು ಪೂರ್ತಿ ತೊಳೆದು ಫಾಸ್ಫೇಟ್ ಬಫರ್‌ನಲ್ಲೇ ಬೆಳಕು ಕೊಟ್ಟೆ. ದ್ರಾವಣದಲ್ಲಿರುವ ರೈಬೋಫ್ಲೇವಿನ್ ಯುವಿಎಗೆ ಸಿಕ್ಕರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆಗ ನಾವು ಅಳೆಯುವುದು ಕೋಶದ ಕಥೆಯಲ್ಲ, ದ್ರಾವಣದ ಕಥೆ. ಯುವಿಎ ದೀಪದ ಕೆಳಗೆ ಗಾಜಿನ ಹಲಗೆ ಇಟ್ಟರೆ ಸೋರುವ ಯುವಿಬಿ (ಯುವಿಎಗಿಂತ ಚಿಕ್ಕ ತರಂಗದ ಬೆಳಕು) ನಿಲ್ಲುತ್ತದೆ. ಯುವಿಸಿ ಕೊಡುವಾಗ ತಟ್ಟೆಯ ಮುಚ್ಚಳ ತೆಗೆಯಲೇಬೇಕು, ಪಾಲಿಸ್ಟೈರೀನ್ ಅದನ್ನು ದಾಟಿಸುವುದಿಲ್ಲ. ಯುವಿಸಿ ಚದರ ಮೀಟರಿಗೆ 10 ಜೂಲ್, ಕೆಲವು ಸೆಕೆಂಡಿನ ಕೆಲಸ. ಯುವಿಎ 100 ಕಿಲೋಜೂಲ್, ಅಂದರೆ ಹತ್ತು ಸಾವಿರ ಪಟ್ಟು. ಅಷ್ಟು ಹೊತ್ತು ದೀಪದಡಿ ಇದ್ದರೆ ಕೋಶಗಳು ಬಿಸಿಯಾಗುತ್ತವೆ, ಅದಕ್ಕೆ ತಟ್ಟೆಗಳನ್ನು ಮಂಜುಗಡ್ಡೆಯ ಮೇಲಿಟ್ಟೆ. ಯುವಿಎ ಇಲ್ಲದ ತಟ್ಟೆಯೂ ಅಷ್ಟೇ ಹೊತ್ತು, ಅದೇ ಮಂಜುಗಡ್ಡೆಯ ಮೇಲೆ, ಕತ್ತಲಲ್ಲಿ ಕೂತಿತ್ತು.

ಶೂನ್ಯ ಗಂಟೆಯಲ್ಲಿ ಎರಡೂ ತಟ್ಟೆಗಳ 6-4 ಸಂಕೇತ ಸಮವಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಬರೀ ಯುವಿಸಿ ಕಂಡ ಕೋಶಗಳಲ್ಲಿ ಅದು ಬಹುಪಾಲು ಅಳಿದಿತ್ತು, ಯುವಿಎ ಕಂಡವುಗಳಲ್ಲಿ ಗಣನೀಯವಾಗಿ ಉಳಿದಿತ್ತು.

ಆದರೂ ಇದು ಪ್ರೋಟೀನಿನ ತೊಂದರೆಯೇ ಎನ್ನಲು ಅಷ್ಟು ಸಾಲದು. ಸಾಯುತ್ತಿರುವ ಕೋಶ ದುರಸ್ತಿ ಮಾಡುವುದಿಲ್ಲ. ಮೈಟೊಕಾಂಡ್ರಿಯಾಗೆ ಪೆಟ್ಟು ಬಿದ್ದು, ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಇಳಿದರೂ ಮಾಡುವುದಿಲ್ಲ, ಯಾಕೆಂದರೆ ಡಿಎನ್ಎಯ ಎಳೆ ಬಿಚ್ಚುವ ಟಿಎಫ್‌ಐಐಹೆಚ್ ಸಂಕೀರ್ಣಕ್ಕೆ ಎಟಿಪಿ ಬೇಕೇಬೇಕು. ಆದ್ದರಿಂದ ಕೋಶಗಳನ್ನು ಒಡೆದು ಸಾರ ತೆಗೆದೆ. ಅದಕ್ಕೆ ಎಟಿಪಿಯನ್ನು ಹೊರಗಿನಿಂದ ಹಾಕಿ, ಬೇರೆಯಾಗಿ ಹಾನಿ ಮಾಡಿಟ್ಟ ಪ್ಲಾಸ್ಮಿಡ್ (ಉಂಗುರದಂಥ ಡಿಎನ್ಎ ತುಣುಕು) ಕೊಟ್ಟೆ. ಈಗ ಡಿಎನ್ಎ ಯುವಿಎಯನ್ನು ಕಂಡಿಲ್ಲ, ಶಕ್ತಿಗೆ ಕೊರತೆಯಿಲ್ಲ, ಸಾಯಲು ಕೋಶವೇ ಇಲ್ಲ. ಆದರೂ ಯುವಿಎ ಕಂಡ ಸಾರ ಹಿಂದೆಯೇ ಉಳಿಯಿತು. ಇಡೀ ಕೆಲಸದಲ್ಲಿ ನನಗೆ ನಂಬಿಕೆ ಬಂದದ್ದು ಇಲ್ಲಿ.

ಯಾವ ಪ್ರೋಟೀನು? ಆರ್‌ಪಿಎ ಮೇಲೆ ಗುಮಾನಿ ಬರಲು ಸಾಹಿತ್ಯವೇ ಕಾರಣ: ಉತ್ಕರ್ಷಣೆಗೆ (ಆಕ್ಸಿಡೇಶನ್‌ಗೆ) ಸಿಕ್ಕ ಆರ್‌ಪಿಎ ಮಾನವ ಕೋಶಗಳ ಕತ್ತರಿಸಿ ತೆಗೆಯುವ ದುರಸ್ತಿಯನ್ನು ಮಿತಗೊಳಿಸುತ್ತದೆ ಎಂಬ ಪ್ರಬಂಧ 2015ರಲ್ಲಿ ಬಂದಿತ್ತು. ಬಿಚ್ಚಿದ ಒಂಟಿ ಎಳೆಯನ್ನು ಹಿಡಿದುಕೊಂಡು, ಕತ್ತರಿ ಎಲ್ಲಿ ಬೀಳಬೇಕೆಂದು ತೋರಿಸುವುದು ಆರ್‌ಪಿಎಯ ಕೆಲಸ. ಡಿಎನ್ಎ ನಕಲಾಗುವಲ್ಲಿಯೂ ಅದೇ ಬೇಕು, ಹಾಗಾಗಿ ಕೋಶದಲ್ಲಿ ಅದಕ್ಕೆ ಬಿಡುವೇ ಇಲ್ಲ. ಶುದ್ಧ ಆರ್‌ಪಿಎಯನ್ನು ಸಾರಕ್ಕೆ ಸೇರಿಸಿದಾಗ ಚಟುವಟಿಕೆ ಸಾಕಷ್ಟು ಮಟ್ಟಿಗೆ ಮರಳಿತು. ಪೂರ್ತಿ ಅಲ್ಲ, ಒಂದೇ ಪ್ರೋಟೀನಿನ ಮೇಲೆ ಎಲ್ಲ ತಪ್ಪು ಹೊರಿಸುವ ಪೈಕಿ ನಾನಲ್ಲ. 8-ಆಕ್ಸೊಗ್ವಾನಿನ್ ಎಂಬ ಉತ್ಕರ್ಷಣ ಹಾನಿಯನ್ನು ತೆಗೆಯುವ ಓಜಿಜಿ1 ಎಂಬ ಪ್ರೋಟೀನು ಕೂಡ ಉತ್ಕರ್ಷಣೆಗೆ ಸೋಲುತ್ತದೆ. 326ನೇ ಸ್ಥಾನದಲ್ಲಿ ಸೆರೀನ್ ಬದಲು ಸಿಸ್ಟೀನ್ ಇರುವ ರೂಪವಂತೂ ಇನ್ನೂ ಬೇಗ.

ಈ ಪೆಟ್ಟಿಗೆ ಕಾರಣ ಸಿಂಗ್ಲೆಟ್ ಆಕ್ಸಿಜನ್ನೇ ಹೌದೇ ಎಂದು ನೋಡಲು ಸೋಡಿಯಂ ಅಜೈಡ್ ಬಳಸಿದೆ, ಅದು ಸಿಂಗ್ಲೆಟ್ ಆಕ್ಸಿಜನ್ನನ್ನು ನುಂಗುತ್ತದೆ. ಆದರೆ ಅಜೈಡ್ ಉಸಿರಾಟದ ಸರಪಳಿಯನ್ನೂ ಕಟ್ಟಿಹಾಕುತ್ತದೆ. ಬೆಳಕು ಮುಗಿದ ಕೂಡಲೇ ತೊಳೆಯದಿದ್ದರೆ ಫಲಿತಾಂಶ ಯಾವ ಉಪಯೋಗಕ್ಕೂ ಬಾರದು. ನೀರಿನ ಬದಲು ಭಾರಜಲದ ಬಫರ್ ಇಟ್ಟರೆ ಸಿಂಗ್ಲೆಟ್ ಆಕ್ಸಿಜನ್ ಹೆಚ್ಚು ಹೊತ್ತು ಬದುಕುತ್ತದೆ, ತೊಂದರೆಯೂ ಹೆಚ್ಚಬೇಕು. ಎರಡೂ ಒಂದೇ ಕಡೆ ಬೆರಳು ತೋರಿದವು.

ಆಮೇಲೆ, ಯುವಿಎ ಹೀರುವ ಅಣು ಹೆಚ್ಚಿದರೆ ಏನಾಗುತ್ತದೆ ಎಂದು ನೋಡಲು, ಕೋಶಗಳನ್ನು 6-ಥಯೋಗ್ವಾನಿನ್‌ನಲ್ಲಿ ಬೆಳೆಸಿದೆ. ಅದು ಡಿಎನ್ಎಯೊಳಗೇ ಸೇರಿ 340 ನ್ಯಾನೋಮೀಟರಿನ ಆಸುಪಾಸು ಬೆಳಕು ಹೀರುತ್ತದೆ, ಹಾಗಾಗಿ ಯುವಿಎಯನ್ನು ಬಹಳ ಇಳಿಸಿದರೂ ದುರಸ್ತಿ ಕುಂಟಿತು. ಅಂಗ ಕಸಿಯಾದವರಿಗೆ ಕೊಡುವ ಅಜಥಯೋಪ್ರಿನ್ ದೇಹದಲ್ಲಿ ಇದೇ ಅಣುವಾಗುತ್ತದೆ. ಅವರ ಚರ್ಮ ಯುವಿಎಗೆ ಬೇಗ ಕೆಂಪಾಗುತ್ತದೆ, ಚರ್ಮದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಔಷಧವನ್ನು ಮೈಕೊಫಿನೊಲೇಟ್‌ಗೆ ಬದಲಿಸಿದಾಗ ಯುವಿಎ ಸೂಕ್ಷ್ಮತೆ ತಗ್ಗುತ್ತದೆ.