‘ಜನಾಂಗೀಯ ಘರ್ಷಣೆ’ ಸುದ್ದಿಯನ್ನು ಓದುವುದು ಹೇಗೆ?

ವಿದೇಶ ಸುದ್ದಿಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು ನಾನು. ಎಲ್ಲಾದರೂ ಎರಡು ಜನಾಂಗಗಳ ನಡುವೆ ಹೊಡೆದಾಟವಾದರೆ ‘ಶತಮಾನಗಳ ಹಗೆ’ ಅಂತ ಹೆಡ್ಡಿಂಗ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅದು ಬರೀ ಸೋಮಾರಿತನ ಅಂತ ತಡವಾಗಿ ತಿಳಿಯಿತು. ಈಗ ಅಂಥ ಕಾಪಿ, ಅಂದರೆ ವರದಿ, ಬಂದರೆ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀವೂ ಕೇಳಿ ನೋಡಿ.

ಮೊದಲು ‘ರಕ್ತ’, ‘ಮೂಲ’, ‘ಹಳೇ ದ್ವೇಷ’ ಎಂಬ ಪದಗಳ ಕೆಳಗೆ ಗೆರೆ ಹಾಕಿ. ಹುಟ್ಟಿನ ನಂಟು ತಾನಾಗಿಯೇ ಜನರನ್ನು ಒಂದುಗೂಡಿಸುತ್ತದೆ ಅನ್ನುವುದು ಒಂದು ವಾದ. ಇದನ್ನು ಸುಮ್ನೆ ತಳ್ಳಿಹಾಕಬೇಡಿ, ಆ ನಂಬಿಕೆಗೆ ಪ್ರಾಣ ಕೊಡುವವರೂ ಇದ್ದಾರೆ. ಆದರೆ ನಂಟು ಅಷ್ಟು ಹಳೆಯದಾದರೆ ಜಗಳ ಈ ವರ್ಷವೇ ಯಾಕೆ? ಅದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.

ಆಮೇಲೆ ಎರಡು ಗುಂಪುಗಳ ನಡುವಿನ ಗೆರೆ ನೋಡಿ. ಉಡುಗೆ, ಹಬ್ಬಗಳ ಪಟ್ಟಿಗಿಂತ ಈ ಗೆರೆಯೇ ಮುಖ್ಯ ಅಂತ 1969ರಲ್ಲಿ ಹೇಳಿದವರು ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್. ಅವರ ಜೊತೆಗಾರರೊಬ್ಬರು ಸುಡಾನಿನ ದಾರ್ಫುರ್‌ನಲ್ಲಿ ಕಂಡದ್ದು ನನಗೆ ತುಂಬಾ ಹಿಡಿಸಿತು. ಅಲ್ಲಿ ಫರ್ ಜನ ಬೇಸಾಯಗಾರರು, ಬಗ್ಗಾರರು ದನ ಮೇಯಿಸುವ ಅಲೆಮಾರಿಗಳು. ದನ ಹೆಚ್ಚಾದ ಕೆಲವು ಫರ್ ಕುಟುಂಬಗಳು ಅಲೆಮಾರಿ ಬದುಕಿಗೆ ಹೊರಳಿ, ಬರಬರುತ್ತಾ ಬಗ್ಗಾರರೇ ಆಗಿಬಿಡುತ್ತಿದ್ದವು. ಜನ ಗೆರೆ ದಾಟಿದರೂ ಗೆರೆ ಅಳಿಯಲಿಲ್ಲ.

ಮೂರನೆಯದು, ಆ ಗೆರೆಯನ್ನು ಕಾಗದಕ್ಕೆ ಇಳಿಸಿದವರು ಯಾರು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆಫ್ರಿಕಾದ ರುವಾಂಡದಲ್ಲಿ ಹುಟು, ಟುಟ್ಸಿ ಇಬ್ಬರೂ ಆಡುವುದು ಕಿನ್ಯಾರುವಾಂಡ ಭಾಷೆ. ಹಿಂದೆ ದನಕರು ಸಂಪಾದಿಸಿದ ಹುಟು ಕುಟುಂಬ ಟುಟ್ಸಿ ಅನ್ನಿಸಿಕೊಳ್ಳುವುದೂ ಇತ್ತು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಜನಾಂಗ ಬರೆಸಿತು. ದಾರಿ ಮುಚ್ಚಿತು. ಟುಟ್ಸಿಗಳನ್ನು ಹುಡುಕಿ ಕೊಂದ 1994ರ ನರಮೇಧದಲ್ಲಿ ರಸ್ತೆ ತಡೆದು ನಿಂತವರು ಕೇಳಿದ್ದು ಅದೇ ಚೀಟಿಯನ್ನು. ಇದನ್ನು ಓದಿದ ದಿನ ನನ್ನ ಹಳೇ ಹೆಡ್ಡಿಂಗ್ ನೆನಪಾಗಿ ನಾಚಿಕೆಯಾಯಿತು.

ನಾಲ್ಕನೆಯದು ಓಟಿನ ಲೆಕ್ಕ. ಚೇವಾ ಮತ್ತು ತುಂಬುಕಾ ಜನ ಮಲಾವಿಯಲ್ಲೂ ಇದ್ದಾರೆ, ಪಕ್ಕದ ಜಾಂಬಿಯಾದಲ್ಲೂ ಇದ್ದಾರೆ. ನಡುವಿನ ಗಡಿ ವಸಾಹತು ಆಡಳಿತ ಎಳೆದದ್ದು. ಮಲಾವಿಯಲ್ಲಿ ಇಬ್ಬರೂ ರಾಜಕೀಯ ಎದುರಾಳಿಗಳಾಗಿದ್ದರು, ಜಾಂಬಿಯಾದಲ್ಲಿ ಮಿತ್ರರು. ರಾಜಕೀಯ ಶಾಸ್ತ್ರಜ್ಞ ಡೇನಿಯಲ್ ಪೋಸ್ನರ್ 2004ರಲ್ಲಿ ಕೊಟ್ಟ ಕಾರಣ ಸರಳ. ಮಲಾವಿಯಲ್ಲಿ ಎರಡೂ ದೊಡ್ಡ ಗುಂಪುಗಳು, ಅವನ್ನು ನೆಚ್ಚಿ ಪಕ್ಷ ಕಟ್ಟಬಹುದು. ಜಾಂಬಿಯಾದಲ್ಲಿ ಎರಡೂ ಚಿಕ್ಕವು, ಒಬ್ಬರಿಗೊಬ್ಬರು ಬೇಕು. ಹಾಗಂತ ಎಲ್ಲವೂ ನಾಯಕರ ಆಟ ಅಂದುಬಿಡಬೇಡಿ. ಅವರು ಕರೆದ ಮಾತ್ರಕ್ಕೆ ಜನ ಯಾಕೆ ಹೋಗಬೇಕು? ಕೆಲಸ, ಜಮೀನು, ಎದುರಿನವರ ಭಯ, ಇವುಗಳನ್ನೂ ಸುದ್ದಿಯಲ್ಲಿ ಹುಡುಕಿ.

ಕಾನೂನನ್ನೂ ಒಮ್ಮೆ ನೋಡಿ. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಒಪ್ಪಂದದ ಪ್ರಕಾರ ಅಧ್ಯಕ್ಷ ಮಂಡಳಿಗೆ ಮೂವರು: ಒಬ್ಬ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ), ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಹಾಗಾದರೆ ಯಹೂದಿ, ರೋಮಾ (ಜಿಪ್ಸಿ ಅಂತ ಕರೆಯುತ್ತಿದ್ದ) ಜನ ಎಲ್ಲಿ ನಿಲ್ಲಬೇಕು? ಇದು ತಾರತಮ್ಯ ಅಂತ 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಜಗಳ ನಿಲ್ಲಿಸಲು ಮಾಡಿದ ಏರ್ಪಾಡೇ ಗೆರೆಯನ್ನು ಗಟ್ಟಿ ಮಾಡಿತ್ತು, ಅಲ್ವಾ?

ಕೊನೆಗೆ ವಾಕ್ಯದ ಕರ್ತೃ ಯಾರು ಅಂತ ಹುಡುಕಿ. ‘ಇಂಥ ಜನಾಂಗ ದಾಳಿ ಮಾಡಿತು’ ಅಂತಿದ್ದರೆ ಅನುಮಾನಪಡಿ. ಇಡೀ ಜನಾಂಗ ಬೀದಿಗಿಳಿಯುವುದಿಲ್ಲ. ಒಂದು ಪಕ್ಷವೋ, ಪಡೆಯೋ, ಸಂಘವೋ ಆ ಹೆಸರಿನಲ್ಲಿ ಇಳಿಯುತ್ತದೆ. ಅದರ ಹೆಸರು ಹೆಚ್ಚಾಗಿ ಕಾಪಿಯ ಐದನೆಯದೋ ಆರನೆಯದೋ ಪ್ಯಾರಾದಲ್ಲಿ ಅಡಗಿರುತ್ತದೆ. ನಾನು ಅದನ್ನು ಎತ್ತಿ ಹೆಡ್ಡಿಂಗಿಗೆ ತರುತ್ತೇನೆ. ಹೆಡ್ಡಿಂಗ್ ಎರಡು ಸಾಲಾಗುತ್ತದೆ, ಪುಟ ಕಟ್ಟುವ ಹುಡುಗ ಗೊಣಗುತ್ತಾನೆ.