ಹಳೇ 800 ಆಯಿಲ್ ಕುಡಿಯುತ್ತಿತ್ತು, ಕಾರಣ ರಿಂಗ್ ಅಲ್ಲ

ನನ್ನ ಮಾರುತಿ 800ಗೆ ಹತ್ತಿರ ಹತ್ತಿರ 20 ವರ್ಷ. ಬಳ್ಳಾರಿ, ತೋರಣಗಲ್ಲು, ಸಂಡೂರು ಅಂತ ಅದಿರಿನ ಕೆಂಪು ಧೂಳಿನಲ್ಲೇ ಓಡಿದ ಗಾಡಿ. 1,000 ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಇಳಿಯತೊಡಗಿತು. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿದೆ, ಬೆಳಿಗ್ಗೆ ಒಂದು ಹನಿಯೂ ಇರಲಿಲ್ಲ. ಅಂದರೆ ಸೋರುತ್ತಿಲ್ಲ, ಒಳಗೇ ಉರಿಯುತ್ತಿದೆ.

ಮೇಸ್ತ್ರಿ ಹೊಗೆ ನೋಡಿದ ತಕ್ಷಣ, "ರಿಂಗ್ ಹೋಗ್ಯಾವ್ರಿ ಸಾರ್, ಎಂಜಿನ್ ಬಿಚ್ಚಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೆ ಬರದಂತೆ ತಡೆಯುವ ಬಳೆ, ಧೂಳು ಹೊಕ್ಕರೆ ಸವೆಯುತ್ತೆ. ಧೂಳಿನ ಊರು, ಅವರ ಅನುಮಾನ ತಪ್ಪಲ್ಲ. ಆದರೆ ಏರ್ ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿದೆ, ಕೆಂಪು ಹತ್ತಲಿಲ್ಲ. ಧೂಳು ಒಳಗೆ ಹೋಗಿಲ್ಲ ಅಂದಮೇಲೆ ಸುಮ್ನೆ ಎಂಜಿನ್ ಬಿಚ್ಚಿಸೋಕೆ ಮನಸ್ಸು ಬರಲಿಲ್ಲ.

ಹೊಗೆ ಬರುತ್ತಾ ಅನ್ನೋದಕ್ಕಿಂತ ಯಾವಾಗ ಬರುತ್ತೆ ಅನ್ನೋದು ಮುಖ್ಯ. ಓಡಿಸುವವರಿಗೆ ಅದು ಕಾಣಲ್ಲ, ಹಾಗಾಗಿ ತಮ್ಮನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೊರಟೆ. ಬೆಟ್ಟ ಹತ್ತುವಾಗ ಎಂಜಿನ್‌ಗೆ ಜಾಸ್ತಿ ಭಾರ, ರಿಂಗ್ ಸವೆದಿದ್ದರೆ ಆಗಲೇ ನೀಲಿ ಹೊಗೆ ಕಾಣಬೇಕು. ಕಾಣಲಿಲ್ಲ. ಇಳಿಯುವಾಗ ಗೇರಿನಲ್ಲೇ ಬಿಟ್ಟು, ಎಕ್ಸಲೇಟರ್ ಮೇಲಿಂದ ಪೂರ್ತಿ ಕಾಲು ತೆಗೆದು, ಕೆಳಗೆ ಬಂದು ಮತ್ತೆ ಒತ್ತಿದಾಗ ಒಂದೇ ಸಲಕ್ಕೆ ನೀಲಿ ಹೊಗೆ! ಕಾಲು ತೆಗೆದಾಗ ಎಂಜಿನ್ ಒಳಕ್ಕೆ ಜೋರಾಗಿ ಹೀರುತ್ತೆ, ವಾಲ್ವ್ ಸೀಲ್ (ವಾಲ್ವ್ ಕಡ್ಡಿಗೆ ಹಾಕಿರುವ, ಆಯಿಲ್ ತಡೆಯುವ ರಬ್ಬರ್ ಟೋಪಿ) ಹಳತಾಗಿ ಗಟ್ಟಿಯಾಗಿದ್ದರೆ ಮೇಲಿನ ಆಯಿಲ್ ವಾಲ್ವ್ ಕಡ್ಡಿಯ ಪಕ್ಕದಿಂದ ಒಳಗಿಳಿಯುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಹೊಗೆ ಬಂದು ನಿಲ್ಲುತ್ತಿದ್ದದ್ದೂ ಇದಕ್ಕೇ.

ಆದರೂ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ನಿಲ್ಲುತ್ತೆ ಅಂತ ಮೀಟರ್ ಹಾಕಿ ನೋಡಿದೆ. ಎಂಜಿನ್ ಬಿಸಿ ಮಾಡಿ, 3 ಪ್ಲಗ್ ತೆಗೆದು, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ. ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಹೆಚ್ಚು ಏರಲಿಲ್ಲ. ರಿಂಗ್ ಸವೆದಿದ್ದರೆ ಏರುತ್ತಿತ್ತು. ಒಂದು ಮಾತು: ಕಂಪ್ರೆಷನ್ ಚೆನ್ನಾಗಿದ್ದರೂ ಕೆಳಗಿನ ಆಯಿಲ್ ರಿಂಗ್ ಮಸಿ ಹಿಡಿದು ಜಾಮ್ ಆಗಿರಬಹುದು, ಅದಕ್ಕೇ ಈ ಟೆಸ್ಟ್ ಒಂದನ್ನೇ ನಾನು ನಂಬಲ್ಲ. ಎರಡನೇ ಪ್ಲಗ್ ಮಾತ್ರ ಕಪ್ಪಗೆ, ಜಿಡ್ಡಾಗಿ ಒದ್ದೆಯಾಗಿತ್ತು.

ವಾಲ್ವ್ ಸೀಲ್ ಬದಲಿಸೋದು ಅಂತಾಯಿತು, ಅದಕ್ಕೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಲಿಲ್ಲ. ಪಿಸ್ಟನ್ ಮೇಲೆ ತಂದು, ಗೇರ್ ಹಾಕಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟರೆ ವಾಲ್ವ್ ಕೆಳಗೆ ಬೀಳದೆ ನಿಲ್ಲುತ್ತೆ. ಮೇಸ್ತ್ರಿಯೇ ಜೊತೆಗೆ ನಿಂತು ಸ್ಪ್ರಿಂಗ್ ಒತ್ತಿಕೊಟ್ಟರು. ಹೊರಬಂದ ಹಳೇ ಸೀಲ್ ಹುಣಸೆ ಬೀಜದ ಹಾಗೆ ಗಟ್ಟಿ, ಉಗುರು ಊರಿದರೂ ಗುರುತು ಬೀಳಲಿಲ್ಲ. ಎರಡನೇ ಸಿಲಿಂಡರಿನ ಒಂದು ಸೀಲ್ ಅಂಚಿನಲ್ಲಿ ಸೀಳೇ ಬಿಟ್ಟಿತ್ತು.

ಹೊಸ ಸೀಲ್ ಹಾಕಿದ ಮೇಲೆ, ಮುಂದಿನ ಭಾನುವಾರ ಅದೇ ಬೆಟ್ಟ, ಅದೇ ಇಳಿಜಾರು. ಕೆಳಗೆ ಬಂದು ಜೋರಾಗಿ ಒತ್ತಿದೆ. ತಮ್ಮ ಬೈಕ್ ಪಕ್ಕಕ್ಕೆ ತಂದು, "ಏನೂ ಬರಲಿಲ್ಲ ಅಣ್ಣ, ಇನ್ನೊಮ್ಮೆ ಒತ್ತು" ಅಂದ.